ಕಾಮೆಂಟಿನಿಂದ ಕೆಂಪಾಪುರಕ್ಕೆ

ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ನಾನು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಓದುವವಳು. ಮೊದಲು ಕಾಮೆಂಟುಗಳು, ಆಮೇಲೆ ಪುರುಸೊತ್ತಿದ್ದರೆ ಸುದ್ದಿ. ಎಷ್ಟೋ ಸಲ ಸುದ್ದಿಯ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ. ಕೆಳಗೆ ಜಗಳ ಆಡುತ್ತಿರುವವರಲ್ಲಿ ಹೆಚ್ಚಿನವರೂ ಅಲ್ಲಿಯ ತನಕ ಹೋಗಿರುವುದಿಲ್ಲ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ, ಐವತ್ತು ದಾಟಿದ, ಹತ್ತಿರಕ್ಕೊಂದು ದೂರಕ್ಕೊಂದು ಕನ್ನಡಕ ಇಟ್ಟುಕೊಂಡ ಹೆಂಗಸಿಗೆ ಇದು ಶೋಭೆಯೇ ಎಂದು ನೀವು ಕೇಳುವ ಮೊದಲೇ ನಮ್ಮ ಮನೆಯವರು ಕೇಳಿಯಾಗಿದೆ. "ಸೊಪ್ಪು ಬಿಡಿಸ್ತಾ ಒಬ್ಳೇ ನಗ್ತಿರ್ತೀಯಲ್ಲ, ಯಾರ್ ಜೊತೆ ಮಾತು?" ಎಂದರು. "ಮಾತಲ್ಲ, ಜಗಳ" ಎಂದೆ. ಅವರು ಅದನ್ನು ತಮಾಷೆ ಎಂದುಕೊಂಡು ಪೇಪರಿನೊಳಗೆ ಹೋದರು.

ಜಗಳಕ್ಕೆ ನಾನು ಆರಿಸಿಕೊಂಡಿರುವುದು ತಂತ್ರಜ್ಞಾನದ ಸುದ್ದಿ ಹಾಕುವ ಒಂದು ಕನ್ನಡ ಪುಟ. ನನ್ನ ಫೋನಿನ ಅರ್ಧ ಗುಂಡಿಗಳು ಯಾತಕ್ಕೆಂದು ನನಗೆ ಇನ್ನೂ ಗೊತ್ತಿಲ್ಲ. ಆದರೂ ಆ ಪುಟವೇ ಏಕೆಂದರೆ, ರಾಜಕೀಯದ ಕಾಮೆಂಟಿಗೆ ಇಳಿದವರು ಷಡ್ಡಕನ ಮನೆಯ ಮದುವೆಗೂ ಹೋಗದ ಹಾಗಾಗುತ್ತದೆ, ಸಿನಿಮಾ ಕಾಮೆಂಟಿಗೆ ಇಳಿದವರು ಸ್ವಂತ ತಾಯಿಯ ಬಗ್ಗೆ ಕೇಳಬಾರದ್ದನ್ನೆಲ್ಲ ಕೇಳಬೇಕಾಗುತ್ತದೆ. ಚಾರ್ಜರಿನ ತೂತು ಯಾವ ಆಕಾರದಲ್ಲಿರಬೇಕು ಎಂಬ ವಾದಕ್ಕೆ ಮಾತ್ರ ಯಾರೂ ನೆಂಟಸ್ತಿಕೆ ಕಡಿದುಕೊಂಡದ್ದನ್ನು ನಾನು ಕಂಡಿಲ್ಲ. ಕೂಗಾಟಕ್ಕೆ ಕೂಗಾಟವೂ ಆಯಿತು, ಮನೆಗೆ ಬಂದರೆ ಸಾರು ಎಂದಿನಂತೆಯೇ ಇರುತ್ತದೆ.

ಅಲ್ಲಿ ನನ್ನ ಹೆಸರು 'ಶೇಷ ಸೊನ್ನೆ'. ಭಾಗಾಕಾರ ಪೂರ್ತಿಯಾದಾಗ ಮಕ್ಕಳು ಬರೆಯುತ್ತಾರಲ್ಲ, ಅದೇ. ಬಹಳ ಚಮತ್ಕಾರದ ಹೆಸರು ಇಟ್ಟುಕೊಂಡೆ ಎಂದು ನಾನು ಬೀಗುತ್ತಿದ್ದರೆ, ಪುಟದ ಜನ ಸೊನ್ನೆಯನ್ನು ಕಿತ್ತೆಸೆದು ಉಳಿದದ್ದಕ್ಕೆ ಮೀಸೆ ಅಂಟಿಸಿಬಿಟ್ಟರು. ಎಲ್ಲರಿಗೂ ನಾನು ಶೇಷಣ್ಣ. "ಶೇಷಣ್ಣೋರು ಇವತ್ತು ಬಿಸಿ ಇದ್ದಾರೆ", "ಶೇಷಣ್ಣ ಬಂದ್ರು, ಎದ್ದು ನಿಲ್ರಪ್ಪಾ". ತಿದ್ದಬೇಕೆಂದು ಒಂದೆರಡು ಸಲ ಅನ್ನಿಸಿತು. ಆದರೆ ಮೂವತ್ತು ವರ್ಷ ಸ್ಟಾಫ್ ರೂಮಿನಲ್ಲಿ ಮಾತು ಮುಗಿಸಲು ಬಿಡದ ಗಂಡಸರ ನಡುವೆ ಕೂತವಳಿಗೆ, ಒಂದು ಮೀಸೆಯಿಂದ ಇಷ್ಟು ಗೌರವ ಸಿಗುವುದಾದರೆ ಇರಲಿ ಎಂದು ಸುಮ್ಮನಾದೆ.

ಈ ಕಾಮೆಂಟು ಎಂಬುದನ್ನು ಇಂಟರ್ನೆಟ್ಟಿನವರು ಕಂಡುಹಿಡಿದರೆಂದು ತಿಳಿಯಬೇಡಿ. ನಮ್ಮಲ್ಲಿ ಸೂತ್ರ ಎಂದರೆ ಒಂದು ಸಾಲು. ಅದಕ್ಕೊಂದು ಭಾಷ್ಯ, ಭಾಷ್ಯಕ್ಕೊಂದು ಟೀಕೆ, ಟೀಕೆಗೊಂದು ಟಿಪ್ಪಣಿ. ಮೇಲಿನ ಸಾಲು ಬರೆದ ಪುಣ್ಯಾತ್ಮ ಹೋಗಿ ನೂರಾರು ವರ್ಷಗಳಾದರೂ ಕೆಳಗಿನವರು ಪರಸ್ಪರ ಕೈ ಕೈ ಮಿಲಾಯಿಸುತ್ತಲೇ ಇರುತ್ತಿದ್ದರು. ಟೀಕೆ ಎಂದರೆ ಆಗ ಅರ್ಥ ಬಿಡಿಸಿ ಹೇಳುವುದು. ಈಗ ಟೀಕೆ ಎಂದರೆ ಬೈಯುವುದು. ಒಂದೇ ಪದ ಈ ಎರಡೂ ತುದಿಗಳ ನಡುವೆ ಓಡಾಡಿದೆ ಎಂದರೆ, ಅರ್ಥ ಹೇಳಲು ಹೊರಟ ಹಿರಿಯರೂ ಎಲ್ಲೋ ನಡುವೆ ತಾಳ್ಮೆ ಕಳೆದುಕೊಂಡಿರಬೇಕು. ಹಾಗೆ ನೋಡಿದರೆ ನಾನು ಪರಂಪರೆಯನ್ನು ಮುಂದುವರಿಸುತ್ತಿರುವವಳು. ಇದನ್ನು ಮನೆಯವರಿಗೂ ಹೇಳಿ ನೋಡಿದೆ. "ಪರಂಪರೆ ಸರಿ, ಒಲೆ ಮೇಲೆ ಹಾಲಿದೆ" ಎಂದರು.

ಆ ಪುಟದಲ್ಲಿ ನನಗೆ ಇಬ್ಬರು ಖಾಯಂ ಎದುರಾಳಿಗಳು. ಒಬ್ಬ 'ಟೆಕ್ ಮಚ್ಚಾ'. ಚಿಕ್ಕಬಾಣಾವರದವನು ಎಂದು ತಾನೇ ಹೇಳಿಕೊಂಡಿದ್ದ. ಹೊಸದಾಗಿ ಏನು ಬಂದರೂ ಅವನಿಗೆ ಅದು ಮನುಕುಲದ ಉದ್ಧಾರ. ವಾಕ್ಯಕ್ಕೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ ಇಲ್ಲದೆ ಬರೆಯಲಾರ. ತಾನೇ ಓಡುವ ಕಾರು ಬರುತ್ತಿದೆ ಎಂದು ಅವನು ಕುಣಿದಾಗ, "ನಮ್ಮ ಹೆಬ್ಬಾಳ ಫ್ಲೈಓವರಿನಲ್ಲಿ ಈಗಲೂ ಕಾರನ್ನು ಯಾರೂ ಓಡಿಸುವುದಿಲ್ಲ. ಅದು ಅಲ್ಲಿ ನಿಂತಿರುತ್ತದೆ, ನಾವು ಒಳಗೆ ಕೂತಿರುತ್ತೇವೆ" ಎಂದು ಬರೆದೆ. ಅದಕ್ಕೆ ಬಿದ್ದ ನಗುಮುಖಗಳನ್ನು ನೋಡಿ ಅಂದು ಸಂಜೆ ಮೂರನೇ ಸಾಲಿನ ಹುಡುಗರಿಗೆ ಹೋಮ್‌ವರ್ಕ್ ಮಾಫಿ ಮಾಡಿದ್ದೆ.

ಇನ್ನೊಬ್ಬರು ಮುನಿರಾಜು. ಕೆಂಪಾಪುರದವರು. ಅಡ್ಡಹೆಸರಿನ ಗೋಜಿಗೆ ಹೋಗದೆ ಸ್ವಂತ ಹೆಸರಿನಲ್ಲೇ ಬರೆಯುವ, ಫೋಟೋದ ಜಾಗದಲ್ಲಿ ತಮ್ಮ ಹಸುವಿನ ಮುಖ ಹಾಕಿಕೊಂಡಿರುವ ಮನುಷ್ಯ. ಹಿಂದೆ ಹೊಲ ಇದ್ದ ಜಾಗದಲ್ಲಿ ಈಗ ಅವರವೇ ನಾಲ್ಕು ಬಿಲ್ಡಿಂಗುಗಳಿವೆ. ಅವರು ಯಾರ ಪಕ್ಷವೂ ಅಲ್ಲ. ಇಬ್ಬರನ್ನೂ ಕೆಣಕಿ ನಡುವೆ ಕೂರುವುದು ಅವರ ಪದ್ಧತಿ. ಹಾಲು ಮುಗಿದದ್ದನ್ನು ಫ್ರಿಜ್ಜೇ ಹೇಳುತ್ತದಂತೆ ಎಂಬ ಸುದ್ದಿಗೆ "ನಮ್ಮನೇಲಿ ಅಸೂನೇ ಏಳ್ತದೆ" ಎಂದು ಒಂದೇ ಸಾಲು ಬರೆದು ಹೋದರು. ಆಡಿದಂತೆಯೇ ಬರೆಯುವುದು, ಹಕಾರ ಇದ್ದಲ್ಲೆಲ್ಲ ಅದನ್ನು ಬಿಟ್ಟು ಬರೆಯುವುದು ಅವರ ಕ್ರಮ.

ಹೀಗಿರುವಾಗ ಆ ಪುಟದಲ್ಲಿ ಒಂದು ಹೊಸ ಆ್ಯಪಿನ ಸುದ್ದಿ ಬಂತು. ನೀವು ನಿಮ್ಮ ಭಾಷೆಯಲ್ಲಿ ಮಾತಾಡಿದರೆ ಫೋನು ಅದನ್ನು ಕೇಳಿಸಿಕೊಂಡು ಎದುರಿನವರ ಭಾಷೆಯಲ್ಲಿ ಆಡಿ ತೋರಿಸುತ್ತದಂತೆ. ಟೆಕ್ ಮಚ್ಚಾ ಹಾರಿ ಬಂದ. "ಇನ್ಮೇಲೆ ಬೆಂಗಳೂರಲ್ಲಿ ಭಾಷೆ ಜಗಳಾನೇ ಇರಲ್ಲ ಗುರು!!!!" ಎಂದ. ನಾನು ಬಿಡುತ್ತೇನೆಯೇ? "ಜಗಳ ಆಡಲು ಭಾಷೆ ಗೊತ್ತಿರಬೇಕು ಮಚ್ಚಾ. ನಾವಿಬ್ಬರೂ ಆಡುತ್ತಿರುವುದು ಕನ್ನಡದಲ್ಲೇ ತಾನೆ?" ಎಂದೆ. ಆ್ಯಪಿಗೆ ಪುಸ್ತಕದ ಕನ್ನಡ ತಿಳಿದೀತು, ಯಲಹಂಕ ಸಂತೆಯ ಕನ್ನಡ ತಿಳಿಯದು ಎಂದೆ. ತಿಳಿಯುತ್ತದೆ ಎಂದು ಅವನು. ಸಾಲು ಬೆಳೆಯಿತು, ಯಾರು ಯಾರೋ ಬಂದು ಸೇರಿಕೊಂಡರು. ಒಬ್ಬ ಅಭಿಮಾನದ ಬಾವುಟ ಹಾರಿಸಿದ, ಒಬ್ಬ ತಮಿಳಿನಲ್ಲಿ ಏನೋ ಅಂದ, ಒಬ್ಬ ಇದೇ ಸಮಯವೆಂದು ಹೆಬ್ಬಾಳದ ಬಳಿ ಸೈಟು ಮಾರಾಟಕ್ಕಿದೆ ಎಂದು ಹಾಕಿದ. ಕೊನೆಗೆ ಮುನಿರಾಜು ಬಂದರು: "ಬಾಯ್ ಮಾತು ಸಾಕು. ನಮ್ಮವ್ವ ಮಾತಾಡಿದ್ರೆ ಒಂದೊಂದ್ ಸಲ ನಂಗೇ ಅರ್ತ ಆಗಲ್ಲ. ನಮ್ಮನೇ ಸೊಸೆ ಒರಿಸ್ಸಾದೋಳು. ಬಾನುವಾರ ಇಬ್ರೂ ಮನೆಗ್ ಬನ್ನಿ, ಆ್ಯಪು ತನ್ನಿ, ಪರೀಕ್ಸೆ ಆಗೋಗ್ಲಿ. ಇತ್ಕವರೆ ಸಾರು ಮುದ್ದೆ. ಶೇಷಣ್ಣ ಸೋತ್ರೆ ಮೀಸೆ ಬೋಳ್ಸ್‌ಬೇಕು."

ಇಡೀ ಪುಟ ಚಪ್ಪಾಳೆ ತಟ್ಟಿತು. ಈಗ ಹಿಂದೆಗೆಯುವ ಹಾಗಿರಲಿಲ್ಲ. ಇಲ್ಲದ ಮೀಸೆಯ ಮರ್ಯಾದೆಯ ಪ್ರಶ್ನೆ.

"ಕಾಮೆಂಟಲ್ಲಿ ಜಗಳ ಆಡ್ದೋರ ಮನೆಗೆ ಊಟಕ್ಕೆ ಹೋಗ್ತೀಯಾ?" ಎಂದು ನಮ್ಮ ಮನೆಯವರು ತಲೆ ಚಚ್ಚಿಕೊಂಡರೂ ಭಾನುವಾರ ಗಂಗಾನಗರದಿಂದ ಸ್ಕೂಟರಿನಲ್ಲಿ ಕೆಂಪಾಪುರಕ್ಕೆ ಬಿಟ್ಟು, ಏನಾದರೂ ಇದ್ದರೆ ತಕ್ಷಣ ಫೋನ್ ಮಾಡು ಎಂದು ಎರಡೆರಡು ಸಲ ಹೇಳಿ, ಸಹಕಾರನಗರದ ತಂಗಿಯ ಮನೆಗೆ ಹೋದರು. ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಮುನಿರಾಜು ಅವರ ಮನೆ. ಮೇಲಿನ ಮಹಡಿಗಳೆಲ್ಲ ಬಾಡಿಗೆಗೆ, ನೆಲಮಹಡಿ ಅವರದು, ಪಕ್ಕದಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ಅದರೊಳಗೆ ಫೋಟೋದ ಹಸು. ಕಾಮೆಂಟಿನಲ್ಲಿ ದಿನಾ ನೋಡಿದ ಮುಖವಾದ್ದರಿಂದ ನಾನು ಅದಕ್ಕೆ ನಮಸ್ಕಾರ ಹೇಳುವುದೊಂದು ಬಾಕಿ.

ಬಿಳಿ ಪಂಚೆಯ ಮುನಿರಾಜು ಗೇಟಿನ ಹತ್ತಿರ ಬಂದು ನನಗೆ ಕೈ ಮುಗಿದು, ನನ್ನ ಬೆನ್ನ ಹಿಂದೆ ಬೀದಿಯುದ್ದಕ್ಕೂ ಕಣ್ಣಾಡಿಸಿದರು.

"ಬನ್ನಿ ತಾಯಿ. ಶೇಷಣ್ಣೋರು ಗಾಡಿ ನಿಲ್ಸಕ್ಕೆ ಓದ್ರಾ?"

"ನಾನೇ ಶೇಷಣ್ಣ" ಎಂದೆ.

ಅವರ ಮುಖದಲ್ಲಿ ಒಂದು ವರ್ಷದ ಕಾಮೆಂಟುಗಳೆಲ್ಲ ಒಂದೊಂದಾಗಿ ಹಾದುಹೋದದ್ದನ್ನು ನಾನು ಕಂಡೆ. 'ಲೇ ಶೇಷಣ್ಣ' ಎಂದದ್ದು, 'ಎಣ್ಣೆ ಜಾಸ್ತಿ ಆಯ್ತಾ' ಎಂದದ್ದು, ಎಲ್ಲವೂ. "ಅಯ್ಯಯ್ಯೋ, ಮೀಸೆ ಬೋಳಿಸ್ತೀನಿ ಅಂದ್‌ಬುಟ್ನಲ್ಲ ತಾಯಿ" ಎಂದು ಹಣೆ ಹಿಡಿದುಕೊಂಡರು. ಅಷ್ಟರಲ್ಲಿ ಟೆಕ್ ಮಚ್ಚಾ ಬಂದ. ಅವನ ನಿಜವಾದ ಹೆಸರು ಇಮ್ರಾನ್. ಲ್ಯಾಬೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಪುಟದಲ್ಲಿ ಹುಲಿಯಂತೆ ಘರ್ಜಿಸುತ್ತಿದ್ದವನು ಇಲ್ಲಿ ಬಾಗಿಲಿಗೆ ಒರಗಿ, ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ನೋಡಿ "ನಮಸ್ತೆ ಮೇಡಂ" ಎಂದ. ಒಂದೂ ಆಶ್ಚರ್ಯಸೂಚಕ ಚಿಹ್ನೆ ಇರಲಿಲ್ಲ.

ಒಳಗೆ ನಡುಮನೆಯಲ್ಲಿ ಮುನಿರಾಜು ಅವರ ತಾಯಿ ಅಕ್ಕಯ್ಯಮ್ಮ ಚಾಪೆಯ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಎದುರಿಗೆ ಮೊಮ್ಮಗನ ಹೆಂಡತಿ ಲೋಪಾ. ಅವಳ ಪೂರ್ತಿ ಹೆಸರು ಲೋಪಾಮುದ್ರಾ. ಇಬ್ಬರ ಬೆರಳುಗಳೂ ಒಂದೇ ಲಯದಲ್ಲಿ ಕಾಳಿನ ಸಿಪ್ಪೆ ಬಿಡಿಸುತ್ತಿದ್ದವು, ಬಾಯಿ ಮಾತ್ರ ಇಬ್ಬರದೂ ಮುಚ್ಚಿತ್ತು. ಮದುವೆಯಾಗಿ ಕೆಲವು ತಿಂಗಳು. ಆರ್ಕಿಟೆಕ್ಟ್ ಓದಿದ ಹುಡುಗಿ, ಹಳೆಯ ಕೆಲಸ ಬಿಟ್ಟು ಬಂದು ಹೊಸದನ್ನು ಹುಡುಕುತ್ತಿದ್ದಳು. ಅತ್ತೆಯ ಜೊತೆ ಧಾರಾವಾಹಿಯ ಹಿಂದಿಯಲ್ಲಿ ಹೇಗೋ ಸಾಗುತ್ತಿತ್ತು, ಅವರೂ ಆ ದಿನ ತವರಿಗೆ ಹೋಗಿದ್ದರು. ಮಾವನ ಇಂಗ್ಲಿಷು ಸಿಮೆಂಟು, ಕಬ್ಬಿಣ ದಾಟಿ ಮುಂದಕ್ಕೆ ಹೋಗುತ್ತಿರಲಿಲ್ಲ. ಅಜ್ಜಿಗೂ ಅವಳಿಗೂ ನಡುವೆ ಸೇತುವೆಯಾಗಿದ್ದವನು ಗಂಡ ಚೇತನ್ ಒಬ್ಬನೇ. ದಿನಾ ಸಂಜೆ ಆಫೀಸಿನಿಂದ ಬಂದು ಇವರ ಮಾತನ್ನು ಅವರಿಗೆ, ಅವರದನ್ನು ಇವರಿಗೆ ಹೇಳುತ್ತಿದ್ದ. ಅಜ್ಜಿ ಅವಳನ್ನು ಲೋಕಮ್ಮ ಎಂದೇ ಕರೆಯುತ್ತಿದ್ದರು. "ಮನೆಗ್ ಬಂದ ಮಗೀನ ಲೋಪ ಲೋಪ ಅಂತ ಕೂಗಕ್ಕಾಯ್ತದಾ?" ಎಂಬುದು ಅವರ ವಾದ. ನ್ಯಾಯವಾದದ್ದೇ.

ಇಮ್ರಾನ್ ಸ್ಟೂಲಿನ ಮೇಲೆ ಫೋನಿಟ್ಟ. ಒಂದು ಕಡೆ ಕನ್ನಡ, ಒಂದು ಕಡೆ ಒಡಿಯಾ. "ಅಜ್ಜೀ, ಏನಾದ್ರೂ ಮಾತಾಡಿ" ಎಂದ.

"ಏನ್ ಮಾತಾಡ್ಲಪ್ಪಾ ಇದರ್ ತಾವ? ಬೆಳಗಿಂದ ಅಸು ಆಲು ಕೊಡ್ತಾ ಇಲ್ಲ, ಅದೇ ಯೋಚ್ನೆ ನಂಗೆ" ಎಂದರು ಅಕ್ಕಯ್ಯಮ್ಮ.

ಫೋನು ಒಂದು ಕ್ಷಣ ಧ್ಯಾನಿಸಿ ಒಡಿಯಾದಲ್ಲಿ ಗಂಭೀರವಾಗಿ ಏನೋ ನುಡಿಯಿತು. ಲೋಪಾ ಕಣ್ಣರಳಿಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗತೊಡಗಿದಳು. ಏನಂತೆ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. "ಬೆಳಗಿನಿಂದ ಪ್ರಾಣವು ಆಲೂಗಡ್ಡೆ ಕೊಡುತ್ತಿಲ್ಲ" ಎಂದಿತ್ತು ಅದು! ಹಕಾರ ಬಿದ್ದುಹೋದ ಹಸು ಅಸುವಾಗಿ, ಅಸು ಪ್ರಾಣವಾಗಿ, ಹಾಲು ಆಲೂ ಆಗಿತ್ತು. ನಾನು ಇಮ್ರಾನ್ ಕಡೆ ತಿರುಗಿ ವಿಜಯದ ನಗೆ ನಕ್ಕೆ. ಅವನು ಪಟ್ಟು ಬಿಡಲಿಲ್ಲ. "ಅಜ್ಜೀ, ಸ್ವಲ್ಪ ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳ್ತೀರಾ?" ಎಂದ.

ಆಗ ಗೊತ್ತಾಯಿತು, ಅಕ್ಕಯ್ಯಮ್ಮನವರ ಬಳಿ ಇನ್ನೊಂದು ಕನ್ನಡವೂ ಇತ್ತು. ತಾಲ್ಲೂಕು ಕಚೇರಿಯವರ ಜೊತೆ, ಬ್ಯಾಂಕಿನವರ ಜೊತೆ ಆಡಲು ಇಟ್ಟುಕೊಂಡಿದ್ದ, ಎಲ್ಲ ಅಕ್ಷರಗಳೂ ಜಾಗದಲ್ಲಿರುವ ಕನ್ನಡ. ಅವರು ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಬಿಟ್ಟು ನೇರವಾಗಿ ಹುಡುಗಿಯನ್ನೇ ನೋಡುತ್ತ ಹೇಳಿದರು:

"ನೀನು ಯಾಕವ್ವಾ ಕೆಲಸಕ್ಕೆ ಹೋಗಲ್ಲ? ಅಷ್ಟೊಂದು ಓದಿದ್ದೀಯ. ಈ ಮುದುಕಿ ಮುಖ ನೋಡಿಕೊಂಡು ಎಷ್ಟು ದಿನ ಕೂತಿರ್ತೀಯ? ದಿನಾ ಕೇಳ್ತೀನಿ, ನೀನು ದಿನಾ ಊಟ ಆಯ್ತು ಅಂತೀಯ."

ಫೋನು ನುಡಿಯಿತು. ಈ ಸಲ ಲೋಪಾ ನಗಲಿಲ್ಲ. ಹಿತುಕುತ್ತಿದ್ದ ಕಾಳನ್ನು ಕೈಯಲ್ಲೇ ಹಿಡಿದು ಅಜ್ಜಿಯನ್ನು ನೋಡಿದಳು, ಫೋನನ್ನು ನೋಡಿದಳು, ಕಂಬದ ಹತ್ತಿರ ನಿಂತಿದ್ದ ಗಂಡನನ್ನು ನೋಡಿದಳು. ಆಮೇಲೆ ಫೋನಿನ ಕಡೆ ಬಗ್ಗಿ ಒಡಿಯಾದಲ್ಲಿ ಮಾತಾಡಿದಳು. ವಾರ್ತೆ ಓದುವವರ ದನಿಯಲ್ಲಿ ಕನ್ನಡ ಹೊರಬಂತು: "ಅಜ್ಜಿಯವರೇ, ತಾವು ಪ್ರತಿದಿನವೂ ನನ್ನ ಭೋಜನದ ಕುರಿತು ಮಾತ್ರ ವಿಚಾರಿಸುತ್ತೀರಿ ಎಂದು ನನಗೆ ತಿಳಿಸಲಾಗಿತ್ತು."

"ಏನ್ಲಾ ಚೇತ!" ಎಂದರು ಅಕ್ಕಯ್ಯಮ್ಮ. "ನಾನು ಊಟ ಕೇಳಿದ್ನೇನ್ಲಾ?"

ಚೇತನ್ ಮುಖ ಟೊಮೇಟೊ ಆಗಿತ್ತು. "ಕೆಲ್ಸಕ್ಕೆ ಯಾಕ್ ಹೋಗಲ್ಲ ಅಂತ ಹಂಗೇ ಹೇಳಿದ್ರೆ, ಮನೆಯಿಂದ ಆಚೆ ಹೋಗು ಅಂತಿದಾರೆ ಅಂದ್ಕೊಳ್ತಾಳೆ ಅಂತ... ಅದಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡ್ದೆ ಅಜ್ಜಿ."

ಅಡ್ಜಸ್ಟ್ ಮಾಡಿದ್ದು ಅದೊಂದೇ ಅಲ್ಲ. ವಿಚಾರಣೆ ಮುಂದುವರಿದಂತೆ ಒಂದೊಂದಾಗಿ ಹೊರಬಂತು. ಹಸುವಿನ ಹಾಲು ಕರೆಯುವುದನ್ನು ಕಲಿಸಿ ಎಂದು ಲೋಪಾ ಕೇಳಿದ್ದಳು; ಎಲ್ಲಿ ಹಸು ಒದೆಯುತ್ತದೋ ಎಂದು ಅವನು ಅಜ್ಜಿಗೆ "ಚೆನ್ನಾಗಿದೀನಿ ಅಂತಿದಾಳೆ" ಎಂದಿದ್ದ. ಮೇಲಿನ ಮಹಡಿಯ ಮೆಟ್ಟಿಲು ತೀರಾ ಕಡಿದಾಗಿದೆ, ಅಜ್ಜಿ ಹತ್ತದಂತೆ ನೋಡಿಕೊಳ್ಳಿ ಎಂದು ಅವಳು ಹೇಳಿದ್ದಳು. ಅಪ್ಪ ಕಟ್ಟಿಸಿದ ಮೆಟ್ಟಿಲಿಗೆ ಹೆಸರಿಟ್ಟ ಹಾಗಾಗುತ್ತದೆಂದು ಅದನ್ನು "ಮನೆ ಬಾಳ ಚೆಂದ ಇದೆ ಅಂತಿದಾಳೆ" ಎಂದು ಮಾಡಿದ್ದ. ಒಳ್ಳೆಯ ಹುಡುಗ. ಎರಡೂ ಕಡೆಯವರನ್ನು ಅಷ್ಟು ಪ್ರೀತಿಸುತ್ತಿದ್ದನಾದ್ದರಿಂದಲೇ ಎರಡೂ ಕಡೆಗೆ ಒಂದು ನಿಜವನ್ನೂ ದಾಟಿಸಿರಲಿಲ್ಲ. ಕನ್ನಡ ವ್ಯಾಕರಣದಲ್ಲಿ ಲೋಪಸಂಧಿ ಎಂದೊಂದಿದೆ. ಎರಡು ಸ್ವರಗಳು ಎದುರಾದಾಗ ಮೊದಲಿನದನ್ನು ಬಿಟ್ಟುಬಿಡಬಹುದು, ಆದರೆ ಅರ್ಥ ಕೆಡಬಾರದು ಎಂಬುದು ಷರತ್ತು. ಚೇತನ್ ಆ ಷರತ್ತನ್ನು ಓದಿರಲಿಲ್ಲ.

ಇಷ್ಟಾಗಿದ್ದರೆ ನಗುತ್ತ ಊಟಕ್ಕೆ ಏಳಬಹುದಿತ್ತು. ಮುನಿರಾಜು ಆಗಲೇ ನಗುತ್ತಿದ್ದರು. ಆದರೆ ಅಜ್ಜಿ ಕೇಳಿದ್ದು ಪ್ರಶ್ನೆ, ಹುಡುಗಿ ಅದಕ್ಕೆ ಉತ್ತರ ಕೊಡಬೇಕೆಂದು ನಿರ್ಧರಿಸಿದ್ದಳು. ಕಾಳಿನ ಬಟ್ಟಲನ್ನೇ ನೋಡುತ್ತ ಮೆಲ್ಲಗೆ ಮಾತಾಡಿದಳು. ಫೋನಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ. ಅದೇ ವಾರ್ತೆಯ ದನಿಯಲ್ಲಿ ಮನೆಯೆಲ್ಲ ಕೇಳುವಂತೆ ಅಂದಿತು: "ನನಗೆ ಉದ್ಯೋಗ ದೊರೆತಿದೆ. ಅದು ನಗರದ ಮತ್ತೊಂದು ತುದಿಯಲ್ಲಿದೆ. ನಾವು ಬಾಡಿಗೆಗೆ ಬೇರೆ ಮನೆಯನ್ನು ನೋಡಿದ್ದೇವೆ. ಹೇಳಲು ಭಯವಾಗುತ್ತಿತ್ತು."

ಮುನಿರಾಜು ಅವರ ನಗು ಮುಖದ ಮೇಲೆಯೇ ನಿಂತುಹೋಯಿತು. ಚೇತನ್ ನೆಲ ನೋಡಿದ. ಕೊಟ್ಟಿಗೆಯಲ್ಲಿ ಹಸು ಬಾಲ ಬಡಿದ ಸದ್ದು ಕೇಳುತ್ತಿತ್ತು. ಒಂದು ಮನೆಯೊಳಗಿನ ಮಾತು ಪರರಿಬ್ಬರ ಮುಂದೆ, ಅದೂ ಒಂದು ಕಾಮೆಂಟಿನ ಪಂದ್ಯಕ್ಕಾಗಿ, ಹೀಗೆ ಹೊರಬಿದ್ದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ಗೋಡೆಯ ಕ್ಯಾಲೆಂಡರನ್ನು ಓದಿದೆ. ಇಮ್ರಾನ್ ಫೋನನ್ನು ಆರಿಸಲು ಕೈ ಚಾಚಿದ.

"ಇರ್ಲಿ ಬುಡಪ್ಪಾ" ಎಂದು ಅಕ್ಕಯ್ಯಮ್ಮ ಅವನ ಕೈ ತಡೆದರು. ಹುಡುಗಿಯ ಕಡೆ ತಿರುಗಿ, "ಓಗವ್ವಾ, ಓಗು" ಎಂದರು. ಕಚೇರಿಯ ಕನ್ನಡ ಕೈಬಿಟ್ಟಿತ್ತು.

ಫೋನು ಅದನ್ನು ಕೇಳಿಸಿಕೊಂಡು ಹುಡುಗಿಗೆ ಉತ್ಸಾಹದಿಂದ ಏನೋ ಹೇಳಿತು. ಲೋಪಾ ಗಲಿಬಿಲಿಯಾಗಿ ನನ್ನ ಕಡೆ ನೋಡಿದಳು. "ಯೋಗ ಮಾಡು ಅಂತಿದೆ. ಅಜ್ಜಿ ನಿಜಕ್ಕೂ ಏನಂದರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗಂಡನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

ಹೀಗೆ ಒಂದು ವಾದ ಗೆಲ್ಲಲು ಹೋದವಳು ದುಭಾಷಿಯಾಗಿ ಕೂರಬೇಕಾಯಿತು. ದುಭಾಷಿ ಎಂಬಲ್ಲಿನ 'ದು' ಎರಡು ಎಂಬ ಅರ್ಥದ್ದು ಎಂದು ನನಗೆ ಗೊತ್ತು. ಆದರೆ ಅದು ದುಃಖದ 'ದು' ಕೂಡ ಇರಬಹುದೆಂದು ಆವತ್ತು ಅನ್ನಿಸಿತು. ಏಕೆಂದರೆ ಅಜ್ಜಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಓಗು ಅನ್ನಕ್ಕೆ ನಂಗೇನ್ ಕಷ್ಟ ಇಲ್ಲ. ಓದಿದ್ ಮಗು, ಓಗ್ಲೇಬೇಕು. ಆದ್ರೆ ಕದ್ದು ಮನೆ ನೋಡ್ಕಂಡ್ ಬಂದ್ರಲ್ಲ, ನಾನೇನ್ ಉಲೀನಾ? ಒಂದೇ ತಾವ ಕೂತು ಕಾಳು ಇತುಕ್ತಿದ್ವಿ, ಒಂದ್ ಮಾತು ಏಳ್ಬಾರ್ದಾ? ನೀನು ಬಾಯ್ ಬುಡದೆ ಕೂತಿದ್ರೆ, ನಮ್ಮ ಮನೆ ನಿಂಗೆ ಸೇರಲಿಲ್ಲ, ನಿನ್ಗೆ ಜಂಬ ಅಂತ ತಿಳ್ಕಂಡಿದ್ದೆ ನಾನು."

ಜಂಬ! ಆ ಪದ ಬಂದಾಗ ನನ್ನ ನಾಲಿಗೆಯ ತುದಿಗೆ ಎಷ್ಟೊಂದು ಮೆತ್ತನೆಯ ಇಂಗ್ಲಿಷು ಪದಗಳು ಸಾಲುಗಟ್ಟಿ ನಿಂತವು ಎಂದರೆ ನೀವು ನಂಬುವುದಿಲ್ಲ. ನಾಚಿಕೆ ಎನ್ನಲೇ, ಮೌನ ಎನ್ನಲೇ, ಅಜ್ಜಿಗೆ ಸ್ವಲ್ಪ ಬೇಸರವಾಗಿದೆ ಅಷ್ಟೇ ಎನ್ನಲೇ? ಚೇತನ್ ನನ್ನನ್ನೇ ನೋಡುತ್ತಿದ್ದ. ಅವನ ಕಷ್ಟ ನನಗೆ ಆಗ ಪೂರ್ತಿ ಅರ್ಥವಾಯಿತು. ಎದುರಿಗೆ ಕೂತ ಮುಖ ಬಾಡುವುದನ್ನು ನೋಡಬೇಕಾದವರು ನಡುವೆ ನಿಂತವರು. ಆದರೂ ಕಣ್ಣು ಮುಚ್ಚಿಕೊಂಡು, ಹುಲಿಯಿಂದ ಹಿಡಿದು ಜಂಬದವರೆಗೆ ಒಂದನ್ನೂ ಬಿಡದೆ ಹೇಳಿದೆ.

ಲೋಪಾ ಮುಖ ಬಾಡಲಿಲ್ಲ. ಕಣ್ಣು ತುಂಬಿಕೊಂಡಿತು, ಆದರೆ ತುಟಿ ನಗುತ್ತಿತ್ತು. ಅವಳು ಹೇಳಿದ್ದನ್ನು ನಾನು ಕನ್ನಡಕ್ಕೆ ಮಾಡಿದೆ: "ಜಂಬ ಅಲ್ಲ ಅಜ್ಜಿ. ಇಲ್ಲಿ ಎಲ್ಲರೂ ಊಟ ಆಯ್ತಾ ಅಂತ ಮಾತ್ರ ಕೇಳ್ತಾರೆ, ನಾನು ಹೋದರೆ ಊಟದ ಹೊತ್ತು ಬಿಟ್ಟು ಬೇರೆ ಯಾವಾಗಲೂ ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ."

ಅಕ್ಕಯ್ಯಮ್ಮ ಅವಳ ಹತ್ತಿರಕ್ಕೆ ಸರಿದರು. ಆಮೇಲೆ ಹೇಳಿದರು: "ನಾನು ಈ ಮನೆಗ್ ಬಂದಾಗ ನಮ್ಮತ್ತೆ ನನ್ ಕುಟ್ಟೆ ಒಂದ್ ವರ್ಸ ಮಾತಾಡ್ಲಿಲ್ಲ ಕಣವ್ವ. ಇಬ್ಬರ್ದೂ ಒಂದೇ ಬಾಸೆ. ಪಕ್ಕದೂರೇ ನಮ್ದು." ಇಷ್ಟು ಹೇಳಿ ಒದ್ದೆ ಕೈಯಲ್ಲೇ ಅವಳ ಕೆನ್ನೆ ಸವರಿದರು. ಕೆನ್ನೆಗೆ ಒಂದು ಅವರೆ ಸಿಪ್ಪೆ ಅಂಟಿಕೊಂಡಿತು. ಅದಕ್ಕೆ ಅನುವಾದ ಬೇಕಾಗಲಿಲ್ಲ, ಯಾರೂ ಮಾಡಲೂ ಇಲ್ಲ.

ಮುನಿರಾಜು ಮಾತ್ರ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ನಾಲ್ಕು ಬಿಲ್ಡಿಂಗು ಇಟ್ಟುಕೊಂಡವನ ಮಗ ಬಾಡಿಗೆ ಮನೆಗೆ ಹೋಗುತ್ತಾನೆಂಬುದು ಅವರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. "ಮನೆ ಸಾಲ್ದೇನ್ಲಾ? ಇನ್ನೊಂದು ಕಟ್ತೀನಿ" ಎಂದರು. "ಅಪ್ಪಾ, ಮನೆ ಅಲ್ಲ, ಟ್ರಾಫಿಕ್ಕು" ಎಂದ ಚೇತನ್. ಹೆಬ್ಬಾಳದಲ್ಲಿ ದಿನಾ ನಿಂತು ಹೋಗುವವರಿಗೆ ಆ ಒಂದು ಪದ ಸಾಕು. ಮುನಿರಾಜು ನಿಟ್ಟುಸಿರು ಬಿಟ್ಟು, "ಮೊದ್ಲು ಮೆಟ್ಲು ಎಷ್ಟ್ ಕಡಿದಾಗೈತೆ ಅಂತ ತೋರ್ಸಮ್ಮ" ಎಂದು ಸೊಸೆಯನ್ನು ಮೇಲೆ ಕರೆದುಕೊಂಡು ಹೋದರು. ಇಬ್ಬರೂ ಕೆಳಗಿಳಿಯುವ ಹೊತ್ತಿಗೆ, ಸಿಮೆಂಟು ಕಬ್ಬಿಣದ ಇಂಗ್ಲಿಷಿನಲ್ಲಿ ಎಷ್ಟೆಲ್ಲ ಮಾತಾಡಬಹುದು ಎಂದು ಅವರಿಗೇ ಆಶ್ಚರ್ಯವಾಗಿತ್ತು.

ಆ ಮಧ್ಯಾಹ್ನದ ಹಿತಕವರೆ ಸಾರಿನ ಬಗ್ಗೆ ಬರೆಯಲು ಬೇರೆಯೇ ಪ್ರಬಂಧ ಬೇಕು. ಇಮ್ರಾನ್ ಎರಡನೆಯ ಮುದ್ದೆ ಬೇಡ ಬೇಡ ಎನ್ನುತ್ತಲೇ ಮುಗಿಸಿ, ಕೈ ತೊಳೆಯುವಾಗ ನನ್ನ ಪಕ್ಕ ನಿಂತು ಪಿಸುಗುಟ್ಟಿದ.

"ಮೇಡಂ, ಪೇಜಲ್ಲಿ ಎಲ್ಲಾರೂ ಕಾಯ್ತಿದಾರೆ. ಯಾರ್ ಗೆದ್ರು ಅಂತ ಹಾಕೋದು?"

ಯಾರು ಗೆದ್ದರು? ನಾನು ಹೇಳಿದಂತೆ ಆ್ಯಪು ಹಸುವನ್ನು ಪ್ರಾಣ ಮಾಡಿತ್ತು. ಅವನು ಹೇಳಿದಂತೆ, ಆ ಮನೆಯ ಜನ ತಿಂಗಳುಗಟ್ಟಲೆ ದಾಟಿಸದ ಮಾತನ್ನು ಅದೇ ದಾಟಿಸಿತ್ತು. ಅದಕ್ಕೆ ಮುಲಾಜಿಲ್ಲ, ಅದರ ಗುಣವೂ ಅದೇ ಕೊರತೆಯೂ ಅದೇ. ಕೈ ಒರೆಸಿಕೊಳ್ಳುತ್ತ ಇಬ್ಬರೂ ಇದನ್ನು ಇಷ್ಟುದ್ದ ಚರ್ಚಿಸಿದೆವು. ಆದರೆ ಇದನ್ನು ಪುಟದಲ್ಲಿ ಹಾಕುವುದು ಹೇಗೆ? ಅದು ಅವರ ಮನೆಯ ಮಾತು. ಕೊನೆಗೆ ಮುನಿರಾಜು ಅವರೇ ಹಸುವಿನ ಮುಖದಡಿ ಬರೆದರು: "ಪರೀಕ್ಸೆ ಆಯ್ತು. ಸಾರು ಚೆನ್ನಾಗಿತ್ತು." ಜನ ರೇಗಿದರು. ಫಲಿತಾಂಶ ಎಲ್ಲಿ, ಮೀಸೆ ಏನಾಯಿತು, ಇಬ್ಬರೂ ಕಾಸು ತಗೊಂಡು ರಾಜಿಯಾಗಿದ್ದಾರೆ ಎಂದೆಲ್ಲ ಕೂಗಾಡಿ, ಆಮೇಲೆ ಹಿತಕವರೆಗೆ ಬೆಳ್ಳುಳ್ಳಿ ಹಾಕಬೇಕೇ ಬೇಡವೇ ಎಂಬಲ್ಲಿಗೆ ಹೊರಳಿ ಎರಡು ದಿನ ಹೊಡೆದಾಡಿದರು.

ಚೇತನ್ ಮತ್ತು ಲೋಪಾ ಮುಂದಿನ ತಿಂಗಳು ಮನೆ ಬದಲಾಯಿಸಿದರು. ಅಜ್ಜಿಯೇ ಜೊತೆಗೆ ಹೋಗಿ ಹಾಲುಕ್ಕಿಸಿ ಬಂದರಂತೆ. ಆ ಭಾನುವಾರದಿಂದ ಹೊರಡುವ ತನಕ ಲೋಪಾ ಅಜ್ಜಿಯ ಹತ್ತಿರ ಹಾಲು ಕರೆಯುವುದನ್ನೂ ಕನ್ನಡವನ್ನೂ ಒಟ್ಟೊಟ್ಟಿಗೆ ಕಲಿತಳು. ಈಗ ಹೊಸ ಆಫೀಸಿನಲ್ಲಿ, ಗಾಜಿನ ಗೋಡೆಗಳ ನಡುವೆ, ಅವಳು "ನಾಳೆ ಬತ್ತೀನಿ, ಅಂಗೇ ಏಳ್‌ಬುಡಿ" ಎಂದಾಗ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಗಳು ಬೆಕ್ಕಸಬೆರಗಾಗುತ್ತಾರಂತೆ. ಇದನ್ನು ಫೋನಿನಲ್ಲಿ ನನಗೆ ಹೇಳಿದ್ದು ಅವಳೇ. ಅಜ್ಜಿ ದಿನಾ ಅವಳಿಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಊಟ ಆಯ್ತಾ ಎಂಬುದೇ. ಈಗ ಅದು ನಿಜಕ್ಕೂ ಅಜ್ಜಿ ಕೇಳುವ ಪ್ರಶ್ನೆ, ಆಮೇಲೆ ಬೇರೆಯವೂ ಇರುತ್ತವೆ.

ನಾನೂ ಇಮ್ರಾನನೂ ಮುಖ ಕಂಡ ಮೇಲೆ ಜಗಳ ತಣ್ಣಗಾದೀತು ಎಂದು ನನಗೊಂದು ಅಳುಕಿತ್ತು. ಆದದ್ದು ಉಲ್ಟಾ. ಒಟ್ಟಿಗೆ ಕೂತು ಮುದ್ದೆ ಮುರಿದವರ ಜೊತೆ ಜಗಳ ಆಡುವ ಸುಖವೇ ಬೇರೆ. ಎಲ್ಲಿ ಗಾಯವಾಗುತ್ತದೆಂಬುದು ಗೊತ್ತಿರುವುದರಿಂದ ಅದೊಂದು ಜಾಗ ಬಿಟ್ಟು ಮಿಕ್ಕೆಲ್ಲ ಕಡೆ ಧಾರಾಳವಾಗಿ ಬಾರಿಸಬಹುದು.

ಮೊನ್ನೆ ಆ ಪುಟದಲ್ಲಿ ಇನ್ನೊಂದು ಸುದ್ದಿ ಬಂತು. ನೀವು ಸುದ್ದಿ ಓದುವುದೂ ಬೇಡ, ತಲೆ ಕೆಡಿಸಿಕೊಳ್ಳುವುದೂ ಬೇಡ, ನಿಮ್ಮ ಪರವಾಗಿ ನಿಮ್ಮದೇ ಧಾಟಿಯಲ್ಲಿ ಕಾಮೆಂಟು ಬರೆದು, ಬಂದ ಉತ್ತರಗಳಿಗೆ ಮರುತ್ತರವನ್ನೂ ಕೊಡುವ ಯಂತ್ರವಂತೆ. ನಾನು ಸೌಟು ಬಿಟ್ಟು ಫೋನು ಹಿಡಿದೆ. ಬಟ್ಟೆ ಮಡಿಸಲಿ, ಕಾರು ಓಡಿಸಲಿ, ಬೇಕಾದರೆ ನನ್ನ ಬದಲು ಪೇಪರ್ ವ್ಯಾಲ್ಯುಯೇಶನ್ನಿಗೂ ಹೋಗಲಿ, ಇದೊಂದು ಕೆಲಸವನ್ನು ಮಾತ್ರ ಮನುಷ್ಯರಿಗೇ ಬಿಡಿ ಎಂದು ಬರೆದೆ. ನೋಡುವಷ್ಟರಲ್ಲಿ ಇಮ್ರಾನ್ "ಇದು ಮಾತ್ರ ಬೇಡ ಗುರು!!!!" ಎಂದಿದ್ದ. ಮುನಿರಾಜು "ನಮ್ ಜಗಳ ನಾವೇ ಆಡ್ಕಂತೀವಿ" ಎಂದರು. ಅದರ ಕೆಳಗೆ ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ಬಾವುಟದವನು, ತಮಿಳಿನವನು, ಸೈಟು ಮಾರುವವನು ಕೂಡ. ಆ ಪುಟದ ಇತಿಹಾಸದಲ್ಲೇ ಮೊಟ್ಟಮೊದಲ ಬಾರಿಗೆ ಎಲ್ಲರೂ ಒಂದೇ ಮಾತು ಹೇಳಿದ್ದೆವು.

ಹತ್ತು ನಿಮಿಷ ಆ ಒಗ್ಗಟ್ಟು ಬಾಳಿತು. ಆಮೇಲೆ ಮೊದಲು ವಿರೋಧಿಸಿದವರು ಯಾರು ಎಂಬ ಜಗಳ ಶುರುವಾಯಿತು. ಇಮ್ರಾನ್ ತಾನು ಎನ್ನುತ್ತಾನೆ. ನಾನೇ ಮೊದಲು. ಅನುಮಾನವಿದ್ದರೆ ಪುಟ ತೆರೆದು ನೋಡಿ, ಕೆಳಗಿನಿಂದ ಮೇಲಕ್ಕೆ.